ಅಜ್ಜನ ಅಂಬಾಸಿಡರ್ ರೇಡಿಯೋ: ಆನ್ ಮಾಡಿದ್ರೆ ಫ್ಯೂಸ್ ಹೋಗ್ತಿದೆ, ಉಳಿಸ್ಕೊಳೋಕೆ ಆಗುತ್ತಾ?

ಆಲ್ದೂರು_ಮಾರ್ಕ್2

ಎಲ್ರಿಗೂ ನಮಸ್ಕಾರ. ನಮ್ದು ಚಿಕ್ಕಮಗಳೂರು ಹತ್ರ ಆಲ್ದೂರು ಕಡೆ. ಅಜ್ಜಂದು ಒಂದು ಅಂಬಾಸಿಡರ್ ಮಾರ್ಕ್ 2 ಇದೆ, ಪೆಟ್ರೋಲ್ ಇಂಜಿನ್ನೇ, ಈಗ್ಲೂ ಓಡುತ್ತೆ. ಅದ್ರ ಡ್ಯಾಶ್ ಬೋರ್ಡಲ್ಲಿ ಹಳೇ ರೇಡಿಯೋ ಇದೆ, ಎರಡು ನಾಬು, ಮಧ್ಯೆ ಗಾಜಿನ ಡಯಲ್ಲು, ಮೀಡಿಯಂ ವೇವ್ ಶಾರ್ಟ್ ವೇವ್ ಎರಡೂ ಬರುತ್ತೆ ಅಂತ ಬರ್ದಿದೆ. ಕಂಪ್ನಿ ಹೆಸರಿನ ಪಟ್ಟಿ ಯಾವಾಗ್ಲೋ ಕಿತ್ತೋಗಿದೆ. ಆನ್ ಮಾಡಿದ ತಕ್ಷಣ ಫ್ಯೂಸ್ ಹೋಗುತ್ತೆ, ಬೇರೆ ಹಾಕಿದ್ರೂ ಅದೇ ಕಥೆ. ಅಪ್ಪ ಹೇಳೋ ಪ್ರಕಾರ ಡೈನಮೋ ಕೆಟ್ಟು ಆಲ್ಟರ್ನೇಟರ್ ಹಾಕ್ಸೋ ತನಕ ರೇಡಿಯೋ ಹಾಡ್ತಿತ್ತಂತೆ, ಆಮೇಲೆ ಯಾರೂ ಅದ್ರ ತಂಟೆಗೆ ಹೋಗಿಲ್ಲ.

ಈಚೆ ತೆಗ್ದು ಮುಚ್ಚಳ ಬಿಚ್ಚಿ ನೋಡ್ದೆ. ಒಳಗೆಲ್ಲ ಬೂಷ್ಟು, ಸುಟ್ಟ ವಾಸನೆ ಇಲ್ಲ. ವಾಲ್ವ್ ಇಲ್ಲ, ಟ್ರಾನ್ಸಿಸ್ಟರ್ ಸೆಟ್ಟೇ, ಕೆಲವಕ್ಕೆ ನಾಲ್ಕು ಕಾಲಿದೆ, ಹಿಂದ್ಗಡೆ ಅಲ್ಯೂಮಿನಿಯಂ ತುಂಡಿನ ಮೇಲೆ ಒಂದು ದಪ್ಪ ಟ್ರಾನ್ಸಿಸ್ಟರ್ ಕೂರ್ಸಿದಾರೆ. ಗ್ಲೋವ್ ಬಾಕ್ಸಲ್ಲಿ ಪೋಸ್ಟಾಫೀಸಲ್ಲಿ ಮಾಡ್ಸಿದ ರೇಡಿಯೋ ಲೈಸೆನ್ಸ್ ಪುಸ್ತಕಾನೂ ಸಿಕ್ತು, ಅಜ್ಜನ ಹೆಸ್ರಲ್ಲೇ ಇದೆ. ಟೌನಲ್ಲಿ ಒಬ್ರಿಗೆ ತೋರ್ಸಿದ್ರೆ ಇದನ್ನ ಬಿಸಾಕಿ ಯುಎಸ್‌ಬಿ ಸೆಟ್ ಹಾಕ್ಸಿ ಅಂದ್ರು. ನಂಗೆ ಅದು ಬೇಡ, ಈ ರೇಡಿಯೋನೇ ಹಾಡ್ಬೇಕು. ಸೋಲ್ಡರಿಂಗ್ ಬರುತ್ತೆ, ಮೀಟರ್ ಇದೆ, ಆದ್ರೆ ಇಷ್ಟು ಹಳೇದನ್ನ ಯಾವತ್ತೂ ಮುಟ್ಟಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಹಾಸನ_ಕಾರ್_ಆಡಿಯೋ

ಬ್ರೋ ನಿಮ್ ಆಸೆ ಅರ್ಥ ಆಗುತ್ತೆ, ಆದ್ರೆ ಒಂದ್ ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಮೀಡಿಯಂ ವೇವಲ್ಲಿ ಈಗ ಕೇಳೋಕೆ ಏನಿದೆ? ಆಕಾಶವಾಣಿಯವ್ರೇ ಎಷ್ಟೋ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ನಿಲ್ಲಿಸ್ಬಿಟ್ಟಿದಾರೆ, ನಮ್ಮ ಹಾಸನ ಆಕಾಶವಾಣಿ ಬರೋದೂ ಎಫ್ಎಮ್ 102.2ರಲ್ಲಿ. ಮುಂದಿನ ಡಯಲ್ಲು ನಾಬು ಹಂಗೇ ಇಟ್ಕೊಂಡು ಒಳಗೆ ಬ್ಲೂಟೂತ್ ಎಫ್ಎಮ್ ಬೋರ್ಡ್ ಕೂರ್ಸಿದ್ರೆ ಹೊರಗಿಂದ ಯಾರಿಗೂ ಗೊತ್ತಾಗಲ್ಲ, ಸೌಂಡೂ ಚೆನ್ನಾಗಿರುತ್ತೆ, ಫೋನಿಂದ ಹಾಡೂ ಹಾಕ್ಬೋದು. ಸುಮಾರು ಗಾಡಿಗೆ ಮಾಡ್ಕೊಟ್ಟಿದೀವಿ. ಹಳೇ ಬೋರ್ಡ್ ಪಾರ್ಟ್ಸ್ ಹುಡುಕ್ಕೊಂಡು ಅಲೆಯೋದು ತಪ್ಪುತ್ತೆ.

ಬೇಲೂರು_ಬೆಸುಗೆ

ಹಾಸನದ ತಮ್ಮ ಹೇಳಿದ್ದು ಸೆಟ್ ಪೂರ್ತಿ ಸುಟ್ಟು ಬೂದಿ ಆಗಿದ್ರೆ ಸರಿ. ಆದ್ರೆ ಇಲ್ಲಿ ಸೆಟ್ ಕೆಟ್ಟಿದೆ ಅನ್ನೋದಕ್ಕೇ ಇನ್ನೂ ಪುರಾವೆ ಇಲ್ಲ. ಬೋರ್ಡ್ ಕಿತ್ತು ಹೊಸದು ಕೂರ್ಸಿದ್ರೆ ಉಳಿಯೋದು ಬರೀ ಡಬ್ಬ, ಕಿತ್ತ ಮೇಲೆ ಮತ್ತೆ ಹಾಕೋರು ಯಾರೂ ಇರಲ್ಲ. ನಲವತ್ತು ಐವತ್ತು ವರ್ಷದ ಕಾರ್ ರೇಡಿಯೋಗಳು ಮತ್ತೆ ಹಾಡೋದನ್ನ ನಾನು ನನ್ನ ಟೇಬಲ್ ಮೇಲೇ ನೋಡಿದೀನಿ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಆಲ್ದೂರಿನವ್ರೇ, ನೀವು ಬರೆದಿದ್ರಲ್ಲಿ ಒಂದೇ ಒಂದು ಸಾಲು ನನಗೆ ಕಿವಿ ನೆಟ್ಟಗೆ ಮಾಡ್ತು, ಆಲ್ಟರ್ನೇಟರ್ ಹಾಕ್ಸಿದ್ದು. ಅಂಬಾಸಿಡರ್ ಬಂದಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ, ಆ ಕಾಲದ ಇಂಗ್ಲೆಂಡ್ ಗಾಡಿಗಳಲ್ಲಿ ಬ್ಯಾಟರಿ ಪ್ಲಸ್ಸು ಬಾಡಿಗೆ ಕೊಡ್ತಿದ್ರು, ಪಾಸಿಟಿವ್ ಅರ್ತ್ ಅಂತೀವಲ್ಲ ಅದು. ಡೈನಮೋ ಎರಡೂ ಥರ ಓಡುತ್ತೆ, ಆದ್ರೆ ಆಮೇಲೆ ಸಿಗೋ ಆಲ್ಟರ್ನೇಟರ್ ಎಲ್ಲಾ ಮೈನಸ್ ಬಾಡಿಗೆ ಇರೋವು, ಹಾಗಾಗಿ ಅದನ್ನ ಕೂರ್ಸುವಾಗ ಬ್ಯಾಟರಿ ತಿರುಗಿಸಿ ಹಾಕ್ತಾರೆ. ಲೈಟು, ಹಾರ್ನು, ವೈಪರ್ ಎಲ್ಲಾ ಹಂಗೇ ಕೆಲಸ ಮಾಡ್ತವೆ, ಯಾರಿಗೂ ಏನೂ ಗೊತ್ತಾಗಲ್ಲ. ರೇಡಿಯೋಗೆ ಮಾತ್ರ ಕರೆಂಟು ಉಲ್ಟಾ ಬರುತ್ತೆ. ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಸೆಟ್ಟಿಗೆ ಉಲ್ಟಾ ಕೊಟ್ರೆ ಎಲೆಕ್ಟ್ರೋಲೈಟಿಕ್ ಕಂಡೆನ್ಸರೂ (ಪ್ಲಸ್ ಮೈನಸ್ ನೋಡಿ ಹಾಕ್ಬೇಕಾದವು) ಟ್ರಾನ್ಸಿಸ್ಟರೂ ಎರಡೂ ಸಿಕ್ಕಾಪಟ್ಟೆ ಕರೆಂಟ್ ಎಳೀತವೆ, ಕೆಲವು ಸೆಟ್ಟಲ್ಲಿ ಇದಕ್ಕೇ ಅಂತ ಒಂದು ಡಯೋಡ್ ಇಟ್ಟು ಬೇಕಂತ್ಲೇ ಫ್ಯೂಸ್ ಹೋಗೋ ಹಂಗೆ ಮಾಡಿರ್ತಾರೆ. ಫ್ಯೂಸ್ ಹೋಗ್ತಿರೋದೇ ನಿಮ್ಮ ಸೆಟ್ಟನ್ನ ಕಾಪಾಡಿರಬೋದು. ದಯವಿಟ್ಟು ಜಾಸ್ತಿ ಆಂಪಿಯರಿನ ಫ್ಯೂಸ್ ಹಾಕಿ ನೋಡೋ ಕೆಲಸ ಮಾಡ್ಬೇಡಿ, ತಂತಿ ಸುತ್ತೋದಂತೂ ಬೇಡ್ವೇ ಬೇಡ.

ಈಗ ಎರಡು ವಿಷಯ ನೋಡಿ ಹೇಳಿ. ಗಾಡೀಲಿ ಬ್ಯಾಟರಿಯ ಯಾವ ಕಡ್ಡಿ ಬಾಡಿಗೆ ಹೋಗಿದೆ. ಆಮೇಲೆ ರೇಡಿಯೋ ಒಳಗೆ ದೊಡ್ಡ ಕಂಡೆನ್ಸರುಗಳ ಪ್ಲಸ್ಸು ಚಾಸಿಸ್ಸಿಗೆ, ಅಂದ್ರೆ ರೇಡಿಯೋದ ಲೋಹದ ಚೌಕಟ್ಟಿಗೆ, ಬಂದಿದ್ಯಾ ಮೈನಸ್ಸಾ. ಹಿಂದ್ಗಡೆ ತಿರುಗಿಸಿ ಚುಚ್ಚೋ ಪ್ಲಗ್ಗು ಅಥವಾ ಪ್ಲಸ್ ಮೈನಸ್ ಗುರುತಿರೋ ಸ್ಕ್ರೂ ಪಟ್ಟಿ ಇದ್ರೆ ಅದನ್ನೂ ನೋಡಿ, ಕೆಲವು ಸೆಟ್ಟಲ್ಲಿ ಎರಡೂ ಥರ ಗಾಡಿಗೆ ಆಗೋ ಹಂಗೆ ಅದನ್ನ ಕೊಟ್ಟಿರ್ತಾರೆ. ಅಲ್ಲೀವರ್ಗೂ ಕರೆಂಟ್ ಕೊಡ್ಬೇಡಿ. ಇನ್ನೊಂದು, ಕಾಯಿಲ್ ಒಳಗಿರೋ ಕಪ್ಪು ಸ್ಕ್ರೂ ಥರದ ಕೋರ್‌ಗಳನ್ನ ಸುಮ್ನೆ ಕೂಡ ತಿರುಗಿಸ್ಬೇಡಿ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದ್ರೆ ಬಳಪದ ಥರ ಒಡೀತವೆ, ಜೊತೆಗೆ ಫ್ಯಾಕ್ಟರಿ ಸೆಟ್ಟಿಂಗೂ ಹೋಗುತ್ತೆ.

ಆಲ್ದೂರು_ಮಾರ್ಕ್2

ಸಾರ್ ನೀವು ಹೇಳಿದ್ದು ನೂರಕ್ಕೆ ನೂರು ಸರಿ ಇದೆ. ಗಾಡೀಲಿ ಮೈನಸ್ಸೇ ಬಾಡಿಗಿರೋದು, ರೇಡಿಯೋ ಒಳಗೆ ದೊಡ್ಡ ಕಂಡೆನ್ಸರುಗಳ ಪ್ಲಸ್ ಎಲ್ಲಾ ಚಾಸಿಸ್ಸಿಗೆ ಬೆಸುಗೆ ಆಗಿದೆ. ತಿರುಗಿಸೋ ಪ್ಲಗ್ಗು ಪಟ್ಟಿ ಏನೂ ಇಲ್ಲ. ನಾಲ್ಕು ಕಾಲಿನ ಟ್ರಾನ್ಸಿಸ್ಟರ್ ಮೇಲೆ ಒರೆಸಿ ನೋಡಿದ್ರೆ ಎಎಫ್ 117 ಅಂತ ಕಾಣುತ್ತೆ, ದಪ್ಪದ್ರ ಮೇಲೆ ಎಡಿ 149. ಮುಂದೆ ಏನ್ ಮಾಡ್ಲಿ? ಗಾಡಿನ ವಾಪಸ್ ಪಾಸಿಟಿವ್ ಮಾಡೋಕಾಗಲ್ಲ, ಆಲ್ಟರ್ನೇಟರ್ ಹೋಗುತ್ತಲ್ಲ.

ಬೇಲೂರು_ಬೆಸುಗೆ

ಗಾಡಿ ಹಂಗೇ ಇರ್ಲಿ. ಮೊದ್ಲು ಟೇಬಲ್ ಮೇಲೆ ಹಾಡಿಸೋಣ, ಗಾಡಿ ವಿಷಯ ಆಮೇಲೆ.

ಬಟ್ಟೆ, ಮೆತ್ತನೆ ಬ್ರಷ್ ತಗೊಂಡು ಬೂಷ್ಟು ತೆಗೀರಿ. ಮಳೆಗಾಲ ಪೂರ್ತಿ ತೇವ ಕುಡಿದಿರುತ್ತೆ, ಒಂದೆರಡು ದಿನ ಮುಚ್ಚಳ ತೆಗೆದು ಒಣ ಜಾಗದಲ್ಲಿ ಇಟ್ಟಿರಿ. ಒಲೆ ಹತ್ರ ಮಾತ್ರ ಬೇಡ, ಕಾಯಿಲಿನ ಮೇಣ ಕರಗುತ್ತೆ. ವಾಲ್ಯೂಮಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ತುಂಬಾ ಸಲ ಆಚೀಚೆ ತಿರುಗಿಸಿ. ಮುಳ್ಳು ಓಡೋ ಕಡೆ ಗ್ರೀಸ್ ಗಟ್ಟಿಯಾಗಿದ್ರೆ ಹಳೇದು ಒರೆಸಿ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು. ನೋಡಿ, ಕಾರ್ ರೇಡಿಯೋದಲ್ಲಿ ಮನೆ ರೇಡಿಯೋ ಥರ ಸ್ಟೇಷನ್ ಹಿಡಿಯೋಕೆ ತಿರುಗೋ ಗ್ಯಾಂಗ್ ಕಂಡೆನ್ಸರ್ ಸಾಮಾನ್ಯವಾಗಿ ಇರಲ್ಲ, ಗಾಡಿ ಅಲ್ಲಾಟಕ್ಕೆ ಸ್ಟೇಷನ್ ಜರುಗುತ್ತೆ ಅಂತ ಕಾಯಿಲ್ ಒಳಗೆ ಫೆರೈಟ್ ಕಡ್ಡಿಗಳು ಒಟ್ಟಿಗೆ ಹೋಗಿ ಬರೋ ಹಂಗೆ ಮಾಡಿರ್ತಾರೆ. ಅದ್ರ ಮೇಲೆ ಎಣ್ಣೆ ಬೀಳದ ಹಂಗೆ ನೋಡ್ಕೊಳಿ.

ಆಮೇಲೆ ಬೇರೆ 12 ವೋಲ್ಟ್ ಬ್ಯಾಟರಿ ತಗೊಳಿ. ಪ್ಲಸ್ಸು ರೇಡಿಯೋ ಚಾಸಿಸ್ಸಿಗೆ, ಮೈನಸ್ಸು ರೇಡಿಯೋ ಕರೆಂಟ್ ವೈರಿಗೆ, ಆ ವೈರಲ್ಲಿ 2 ಆಂಪ್ ಫ್ಯೂಸು, ಅದ್ರ ಜೊತೆ ಸೀರೀಸಲ್ಲಿ ಗಾಡಿ ಇಂಡಿಕೇಟರಿನ 21 ವ್ಯಾಟ್ ಬಲ್ಬು. ಬಲ್ಬು ಪೂರ್ತಿ ಉರಿದ್ರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ಅರೆಬರೆ ಕೆಂಪಗೆ ಉರಿದ್ರೆ ಭಯ ಇಲ್ಲ, ಎಡಿ 149 ಒಂದೇ ಇರೋದು ಅಂದ್ರೆ ಅದು ಕ್ಲಾಸ್ ಎ, ಹಾಡು ಇಲ್ದಿದ್ರೂ ಅರ್ಧ ಮುಕ್ಕಾಲು ಆಂಪಿಯರ್ ಎಳೀತಾನೇ ಇರುತ್ತೆ, ಬಿಸಿನೂ ಆಗುತ್ತೆ. ಸ್ಪೀಕರ್ ಕಿತ್ತಿಟ್ಟು ಮಾತ್ರ ಆನ್ ಮಾಡ್ಬೇಡಿ, ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಎಗರಿ ಆ ಟ್ರಾನ್ಸಿಸ್ಟರ್ ಹೋಗಬೋದು. ಅದ್ರ ಬೇಸ್, ಎಮಿಟರ್ ಅನ್ನೋ ಎರಡು ಕಾಲಿನ ಮಧ್ಯೆ ವೋಲ್ಟೇಜ್ ನೋಡಿ, ಜರ್ಮೇನಿಯಂ ಆಗಿರೋದ್ರಿಂದ 0.2, 0.3 ಅಷ್ಟೇ ಇರ್ಬೇಕು. ಅದು ಸತ್ತಿದ್ರೆ ಸಿಲಿಕಾನ್ ಟ್ರಾನ್ಸಿಸ್ಟರ್ ತಂದು ನೇರ ಹಾಕೋಕೆ ಆಗಲ್ಲ, ಅದಕ್ಕೆ 0.6 ಬೇಕು, ಬಯಾಸ್, ಅಂದ್ರೆ ಬೇಸಿಗೆ ಆ ವೋಲ್ಟೇಜ್ ಕೊಡೋ ಏರ್ಪಾಡು, ಎಲ್ಲಾ ಬದಲಾಯಿಸ್ಬೇಕಾಗುತ್ತೆ. ತೆಗೆದು ಹಾಕೋದಾದ್ರೆ ಅಡಿಯ ಮೈಕಾ ಹಾಳೆ ಜೋಪಾನ.

ಎಲೆಕ್ಟ್ರೋಲೈಟಿಕ್ ಕಂಡೆನ್ಸರುಗಳನ್ನ ಎಲ್ಲಾ ಬದಲಾಯಿಸಿ, ಇಷ್ಟು ವರ್ಷಕ್ಕೆ ಒಣಗಿರ್ತವೆ, ಅದ್ರಲ್ಲೂ ಉಲ್ಟಾ ಕರೆಂಟ್ ತಿಂದಿವೆ. 25 ವೋಲ್ಟಿನವು ಹಾಕಿ, ಯಾಕಂದ್ರೆ ಓಡೋ ಗಾಡೀಲಿ 14ರ ಮೇಲೆ ಇರುತ್ತೆ. ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಒಂದೊಂದೇ ಬದಲಾಯಿಸಿ, ಒಂದು ಆದ್ಮೇಲೆ ಆನ್ ಮಾಡಿ ನೋಡಿ. ಕೈ ಅಭ್ಯಾಸದಲ್ಲಿ ಮೈನಸ್ಸನ್ನ ಚಾಸಿಸ್ಸಿಗೆ ಹಾಕಿಬಿಡ್ತಾರೆ ಹೊಸಬರು, ನಿಮ್ಮ ಸೆಟ್ಟಲ್ಲಿ ಚಾಸಿಸ್ಸಿಗೆ ಪ್ಲಸ್ಸು ಅನ್ನೋದು ತಲೇಲಿರ್ಲಿ.

ಈಗ ಎಎಫ್ 117. ಈ ಕಾಲದ ಸೆಟ್ಟುಗಳ ದೊಡ್ಡ ಕಾಯಿಲೆ ಇದೇ. ಎಎಫ್ 114ರಿಂದ 117ರ ತನಕ ಎಲ್ಲದರ ತಗಡಿನ ಡಬ್ಬಿ ಒಳಗೆ ವರ್ಷ ಕಳೆದ ಹಾಗೆ ತವರದ ಕೂದಲೆಳೆ ಬೆಳೀತವೆ, ಕಣ್ಣಿಗೆ ಕಾಣದಷ್ಟು ಸಣ್ಣವು, ಅವು ಹೋಗಿ ಒಳಗಿನ ಬೇಸು ಕಲೆಕ್ಟರನ್ನ ಡಬ್ಬಿಗೆ ಶಾರ್ಟ್ ಮಾಡ್ತವೆ. ಸೆಟ್ಟು ಬಳಸಲಿ ಬಿಡಲಿ ಬೆಳೆಯೋದು ನಿಲ್ಲಲ್ಲ. ಕಾಲುಗಳ ಸಾಲು ಎಮಿಟರ್, ಬೇಸ್, ಶೀಲ್ಡ್, ಸ್ವಲ್ಪ ದೂರದಲ್ಲಿ ಕಲೆಕ್ಟರ್. ಶೀಲ್ಡ್ ಕಾಲು ಡಬ್ಬಿಗೆ ಸೇರಿರುತ್ತೆ, ಬೋರ್ಡಲ್ಲಿ ಅದು ಅರ್ತಿಗೆ ಹೋಗಿರುತ್ತೆ. ಆ ಒಂದು ಕಾಲು ಕತ್ತರಿಸಿ, ಡಬ್ಬಿಗೂ ಉಳಿದ ಮೂರು ಕಾಲಿಗೂ ಮೀಟರ್ ಹಿಡೀರಿ. ಏನೂ ತೋರಿಸ್ಬಾರ್ದು, ತೋರಿಸಿದ್ರೆ ಕಾಯಿಲೆ ಇದೆ. ಸುಮಾರು ಸಲ ಬರೀ ಶೀಲ್ಡ್ ಕತ್ತರಿಸಿದ್ರೇ ಸೆಟ್ಟು ಮಾತಾಡುತ್ತೆ. ಚಾರ್ಜ್ ಮಾಡಿದ ಕಂಡೆನ್ಸರ್ ಕೊಟ್ಟು ಎಳೆ ಸುಡೋರೂ ಇದಾರೆ, ಆದ್ರೆ ಮತ್ತೆ ಬೆಳೀತವೆ, ನನಗದು ಒಪ್ಪಿಗೆ ಇಲ್ಲ. ಬದಲಿಗೆ ಎಎಫ್ 127 ಸಿಕ್ಕಿದ್ರೆ ಹಾಕಿ, ಅದು ಬೇರೆ ಥರದ ಡಬ್ಬಿ.

ಪಾರ್ಟ್ಸ್ ಇಲ್ಲಿ ಕಷ್ಟ. ಬೆಂಗಳೂರು ಎಸ್.ಪಿ. ರೋಡಲ್ಲಿ ಹಳೇ ಸ್ಟಾಕ್ ಇಟ್ಟಿರೋರ ಹತ್ರ ಕೇಳ್ಬೇಕು. ನಮ್ಮ ಜಾಲಹಳ್ಳಿ ಬಿಇಎಲ್ಲಲ್ಲೇ (ಭಾರತ್ ಎಲೆಕ್ಟ್ರಾನಿಕ್ಸ್) 1962ರಿಂದ ಜರ್ಮೇನಿಯಂ ಸಾಮಾನು ಮಾಡ್ತಿದ್ರು, ಆ ಗುರುತಿನ ಎಸಿ 128 ಟ್ರಾನ್ಸಿಸ್ಟರ್ ಎಲ್ಲಾ ಹಳೇ ಮನೆ ಟ್ರಾನ್ಸಿಸ್ಟರ್‌ಗಳಲ್ಲಿ ಸಿಗ್ತವೆ, ಅಟ್ಟದ ಮೇಲಿನ ಹಾಳು ರೇಡಿಯೋಗಳನ್ನ ಗುಜರಿಗೆ ಹಾಕೋ ಮುಂಚೆ ಒಂದು ಸಲ ಬಿಚ್ಚಿ ನೋಡಿ.

ಸಕ್ಲೇಶ್ಪುರ_ತೋಟದ_ಜೀಪು

ಬೇಲೂರಿನವ್ರು ಬರ್ದಿದ್ದು ಸೇವ್ ಮಾಡ್ಕೊಂಡೆ ಮಾರಾಯ್ರೆ, ಇಷ್ಟು ಬಿಡಿಸಿ ಹೇಳೋರು ಎಲ್ಲಿ ಸಿಗ್ತಾರೆ.

ಗಾಡಿಗೆ ಕೂರ್ಸೋ ವಿಷಯ ನಾನು ಹೇಳ್ತೆ, ನಮ್ಮ ಹಳೇ ಜೀಪಲ್ಲಿ ಇದೇ ಪಂಚಾಯ್ತಿ ಇತ್ತು. ರೇಡಿಯೋಗೆ ಅಂತ್ಲೇ ಯುಪಿಎಸ್ಸಲ್ಲಿ ಬರುತ್ತಲ್ಲ ಆ 12 ವೋಲ್ಟ್ 7 ಎಎಚ್ ಸೀಲ್ಡ್ ಬ್ಯಾಟರಿ ಸೀಟಿನಡಿ ಇಟ್ಟದ್ದು. ಪ್ಲಸ್ಸು ರೇಡಿಯೋ ಚಾಸಿಸ್ಸಿಗೆ, ಮೈನಸ್ಸು ಫ್ಯೂಸ್ ಹಾಕಿ ರೇಡಿಯೋ ವೈರಿಗೆ, ಗಾಡಿ ಕರೆಂಟ್ ಲೈನಿಗೂ ಇದಕ್ಕೂ ಸಂಬಂಧವೇ ಇಲ್ಲ. ಚಾಸಿಸ್ ಬಾಡಿಗೆ ತಾಗಿದ್ರೂ ಎಂತ ತೊಂದ್ರೆ ಇಲ್ಲ, ಒಂದೇ ಕಡೆ ಸೇರಿದ್ರೆ ಕರೆಂಟ್ ಹರಿಯೋಕೆ ದಾರಿ ಇಲ್ಲವಲ್ಲ. ಐದಾರು ಗಂಟೆ ಧಾರಾಳ ಹಾಡುತ್ತೆ, ಚಾರ್ಜ್ ಮಾತ್ರ ಬ್ಯಾಟರಿ ಮನೆಗೆ ತಂದು ಮಾಡಿ. ಕನ್ವರ್ಟರ್ ಡಬ್ಬಿ ಹಾಕ್ಬೋದು, ಇನ್‌ಪುಟ್ ಔಟ್‌ಪುಟ್ ಒಳಗೆ ಬೇರೆ ಬೇರೆ ಇರೋದೇ ಬೇಕು, ಆದ್ರೆ ಮೀಡಿಯಂ ವೇವಲ್ಲಿ ಅದ್ರ ಗುಯ್ ಸದ್ದು ತಡ್ಕೊಳ್ಳಕ್ಕಾಗಲ್ಲ.

ಪೆಟ್ರೋಲ್ ಗಾಡಿ ಅಂದ್ರಿ, ಇಂಜಿನ್ ಸ್ಟಾರ್ಟ್ ಮಾಡಿದ ಕೂಡ್ಲೆ ಟಕ ಟಕ ಟಕ ಅಂತ ಶುರುವಾಗುತ್ತೆ ನೋಡಿ. ಇಗ್ನಿಷನ್ ಕಾಯಿಲಿಗೆ ಸ್ವಿಚ್ಚಿಂದ ಕರೆಂಟ್ ಬರೋ ಕಡೆಗೆ ಆ ಸದ್ದು ತಡೆಯೋ 1 ಮೈಕ್ರೋಫ್ಯಾರಡ್ ಸಪ್ರೆಸರ್ ಕಂಡೆನ್ಸರ್ ಹಾಕಿ, ಡಿಸ್ಟ್ರಿಬ್ಯೂಟರ್ ಪಾಯಿಂಟಿಗೆ ಹೋಗೋ ಕಡೆಗೆ ಹಾಕಿದ್ರೆ ಇಂಜಿನ್ ಸರಿಯಾಗಿ ಓಡಲ್ಲ. ಪ್ಲಗ್ಗಿಗೆ ರೆಸಿಸ್ಟರ್ ಇರೋ ಕ್ಯಾಪ್. ಏರಿಯಲ್ ಬುಡದಲ್ಲಿ ಪೇಂಟು ತುಕ್ಕು ಕೆರೆದು ಬಾಡಿಗೆ ಗಟ್ಟಿ ಅರ್ತ್ ಆಗೋ ಹಂಗೆ ಮಾಡಿ, ನಮ್ಮ ಮಳೆಗೆ ಅಲ್ಲೇ ಮೊದ್ಲು ಕಿಲುಬು ಹಿಡಿಯೋದು, ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತೆ. ಏರಿಯಲ್ ವೈರ್ ಹೋಗಿದ್ರೆ ಟೀವಿ ಕೇಬಲ್ ಹಾಕ್ಬೇಡಿ, ಅದ್ರ ಕೆಪಾಸಿಟಿ ಜಾಸ್ತಿ, ಸಿಗ್ನಲ್ ತಿಂದ್ಹಾಕುತ್ತೆ, ಕಾರ್ ಏರಿಯಲ್ಲಿಂದೇ ತಗೊಳಿ.

ಆಲ್ದೂರು_ಮಾರ್ಕ್2

ಸಾರ್ ಹಾಡ್ತಿದೆ!! ಎಡಿ 149 ಜೀವಂತ ಇತ್ತು, ಬೇಸ್ ಎಮಿಟರ್ 0.24 ತೋರಿಸ್ತು. ಕಂಡೆನ್ಸರ್ ಎಲ್ಲಾ ಬದಲಾಯಿಸಿದ್ಮೇಲೆ ಸ್ಪೀಕರಲ್ಲಿ ಸೊಯ್ ಅಂತ ಬಂತು, ಸ್ಟೇಷನ್ ಇಲ್ಲ. ಎರಡು ಎಎಫ್ 117ರಲ್ಲಿ ಡಬ್ಬಿಗೂ ಕಲೆಕ್ಟರಿಗೂ ಶಾರ್ಟ್ ಇತ್ತು, ಶೀಲ್ಡ್ ಕಾಲು ಕತ್ತರಿಸಿ ಆನ್ ಮಾಡಿದ್ರೆ 612 ಕಿಲೋಹರ್ಟ್ಸಲ್ಲಿ ಬೆಂಗಳೂರು ಆಕಾಶವಾಣಿ ಸ್ಪಷ್ಟವಾಗಿ ಬಂತು. ಅಪ್ಪ ಅಂಗಳದಿಂದ ಓಡಿ ಬಂದ್ರು ಸದ್ದು ಕೇಳಿ. ಜೀಪಿನವ್ರು ಹೇಳಿದ ಥರ ಸೀಲ್ಡ್ ಬ್ಯಾಟರಿ ಇಟ್ಟು ಗಾಡಿಗೂ ಕೂರ್ಸಿದೀನಿ. ಒಂದೇ ಕೊರತೆ, ಡಯಲ್ಲಿನ ಎಡಗಡೆ ಚೆನ್ನಾಗಿದೆ, ಬಲಗಡೆಗೆ ಹೋದಂಗೆ ಎಲ್ಲಾ ಮಂಕು. ರಾತ್ರಿ ಹೊತ್ತು ದೂರದ ಸ್ಟೇಷನ್ ಸಣ್ಣಗೆ ಕೇಳುತ್ತೆ ಅಷ್ಟೇ.

ಬೇಲೂರು_ಬೆಸುಗೆ

ಬಹಳ ಸಂತೋಷ ಆಯ್ತು ಕಣಪ್ಪ. ಬಲಗಡೆ ಮಂಕಾಗಿರೋದಕ್ಕೆ ಕಾರಣ ಏರಿಯಲ್ ಟ್ರಿಮ್ಮರ್ರು. ಏರಿಯಲ್ ಸಾಕೆಟ್ ಪಕ್ಕ ಸಣ್ಣ ತೂತಿದ್ದು ಒಳಗೆ ಸ್ಕ್ರೂ ಕಾಣುತ್ತೆ ನೋಡಿ. ಗಾಡೀಲೇ ಕೂತು, ಏರಿಯಲ್ ಪೂರ್ತಿ ಎಳೆದು, ಇಂಜಿನ್ ಆಫ್ ಇಟ್ಟು, ರಾತ್ರಿ 1400 ಕಿಲೋಹರ್ಟ್ಸ್ ಹತ್ರ ಸಣ್ಣಗೆ ಕೇಳೋ ಒಂದು ಸ್ಟೇಷನ್ ಹಿಡೀರಿ. ಪ್ಲಾಸ್ಟಿಕ್ ಕಡ್ಡೀಲಿ ಆ ಒಂದು ಸ್ಕ್ರೂ ಮಾತ್ರ ನಿಧಾನ ತಿರುಗಿಸಿ, ಸದ್ದು ಎಲ್ಲಿ ಜಾಸ್ತಿ ಆಗುತ್ತೋ ಅಲ್ಲಿಗೆ ಬಿಡಿ. ಅದು ನಿಮ್ಮ ಏರಿಯಲ್ಲಿಗೂ ವೈರಿಗೂ ಹೊಂದಿಸೋದಕ್ಕೇ ಇರೋದು, ಅದನ್ನ ಮುಟ್ಟಬೋದು. ಏರಿಯಲ್ ಬದಲಾಯಿಸಿದಾಗ ಮತ್ತೆ ಒಂದು ಸಲ ಮಾಡ್ಕೊಳಿ. ಉಳಿದ ಎಎಫ್ 117ಗಳ ಶೀಲ್ಡನ್ನೂ ಈಗ್ಲೇ ಕತ್ತರಿಸಿಬಿಡಿ, ಅವಕ್ಕೂ ಇವತ್ತಲ್ಲ ನಾಳೆ ಅದೇ ಕಾಯಿಲೆ ಬರುತ್ತೆ.