‘ಸುಸ್ಥಿರ’ ಎನ್ನುವುದೋ, ‘ಬೀಜಕ್ಕೆ ಬಿಡುವುದು’ ಎನ್ನುವುದೋ?

ಅಫಜಲಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಕಪ್ಪೆಚಿಪ್ಪಿನ ಕಸುಬಿನ ಬಗ್ಗೆ ಮಕ್ಕಳಿಗೆಂದು ಎರಡು ಪುಟ ಬರೆದು ಓದಿ ಹೇಳುತ್ತಿದ್ದೆ. ಇಂಗ್ಲಿಷಿನ ‘ಸಸ್ಟೈನಬಲ್’ಗೆ ರೂಢಿಯಲ್ಲಿರುವ ಪದ ಬಳಸಿ ‘ಸುಸ್ಥಿರ ಮೀನುಗಾರಿಕೆ’ ಎಂದೊಡನೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಸುಸ್ಥಿರ ಸರ್ಕಾರ ಎಂದರೆ ಬೀಳದ ಸರ್ಕಾರ. ಹಾಗಾದರೆ ಇದು ನಿಲ್ಲಿಸದೆ ಹಿಡಿಯುತ್ತಲೇ ಇರುವುದೇ?”

ಪತ್ರಿಕೆಯಲ್ಲಿ ಓದಿದ ಅರ್ಥವನ್ನೇ ಅವಳು ಹೇಳಿದ್ದಳು. ಆದರೆ ಅಷ್ಟಮುಡಿಯಲ್ಲಿ ನಡೆದದ್ದು ಇದರ ತದ್ವಿರುದ್ಧ. 1991ರಲ್ಲಿ ಅಲ್ಲಿ ಸುಮಾರು 10,000 ಟನ್ ಕಪ್ಪೆಚಿಪ್ಪು ಸಿಕ್ಕಿತ್ತು. 1993ರ ಹೊತ್ತಿಗೆ ಅದು ಅರ್ಧಕ್ಕೆ ಕುಸಿಯಿತು. ಆಮೇಲೆ ಚಿಪ್ಪುಗಳು ಮರಿಮಾಡುವ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಿಡಿಯುವುದನ್ನೇ ನಿಲ್ಲಿಸಿದರು. ಎಳೆಯವು ಜಾರಿ ಹೋಗಲೆಂದು ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಕಿರಿದಾಗಬಾರದೆಂದರು, ಯಂತ್ರವನ್ನು ದೂರವಿಟ್ಟರು. ಸುಸ್ಥಿರ ಮೀನುಗಾರಿಕೆಯನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರವನ್ನು 2014ರಲ್ಲಿ ಪಡೆದ ಭಾರತದ ಮೊದಲ ಮೀನುಗಾರಿಕೆ ಇದು. ನಿಲ್ಲಿಸಿದ್ದರಿಂದ ಉಳಿಯಿತು ಎಂಬ ಈ ತಿರುಳು ‘ಸುಸ್ಥಿರ’ದಲ್ಲಿ ಎಲ್ಲಿದೆ?

ಅದರ ಬದಲು ‘ಬಾಳಿಕೆ’ ಎಂದರೆ ನಮ್ಮವರಿಗೆ ಕೊಡವೋ ಕೌದಿಯೋ ನೆನಪಾಗುತ್ತದೆ. ಕೊನೆಗೆ ನನಗೆ ಹೊಳೆದದ್ದು ಹಿತ್ತಲಿನ ಮಾತು. ನಮ್ಮವ್ವ ಹೀರೆಬಳ್ಳಿಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಕಾಯಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದಳು. ‘ಬೀಜಕ್ಕೆ ಬಿಟ್ಟದ್ದು, ಕೀಳಬೇಡಿ’ ಎಂದರೆ ಮುಗಿಯಿತು. ಮನೆಯಲ್ಲಿ ಪಲ್ಯಕ್ಕೆ ಏನಿಲ್ಲದಿದ್ದರೂ ಅದರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಇದನ್ನು ಹೇಳಿದ ಮೇಲೆ ಮೂರು ತಿಂಗಳ ನಿಷೇಧವನ್ನು ತರಗತಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

ಆದರೂ ತೊಡಕಿದೆ. ‘ಸುಸ್ಥಿರ’ದಂತೆ ಇದು ಇನ್ನೊಂದು ಪದದ ಮುಂದೆ ಸಲೀಸಾಗಿ ಕೂರುವುದಿಲ್ಲ. ಹಿನ್ನೀರಿನ ತಳ ಕೆಡದಂತೆ ನೋಡಿಕೊಳ್ಳುವ ಅರ್ಥವೂ ಇದರಲ್ಲಿ ಬರುವುದಿಲ್ಲ. ಬೀಜ ಉಳಿದರೆ ಸಾಲದು, ನೆಲವೂ ಉಳಿಯಬೇಕಲ್ಲ. ‘ಬೀಜ ಉಳಿಸುವ ಮೀನುಗಾರಿಕೆ’ ಎಂದರೆ ನಡೆದೀತೇ?

ಇನ್ನೊಂದು ಕೇಳಬೇಕು. ಭೀಮಾ ದಂಡೆಯ ನಮ್ಮ ಮಕ್ಕಳು ಕಪ್ಪೆಚಿಪ್ಪನ್ನು ‘ಸಿಂಪಿ’ ಎನ್ನುತ್ತಾರೆ. ಕುಮಟಾ ಕಡೆ ‘ಬಳಚು’, ಮಂಗಳೂರಿನಲ್ಲಿ ‘ಮರುವಾಯಿ’ ಎಂದು ಕೇಳಿದ್ದೇನೆ. ‘ಚಿಪ್ಪುಮೀನು’ ಬರೆಯಲು ಮನಸ್ಸಿಲ್ಲ, ಅದು ಮೀನೇ ಅಲ್ಲ. ಎಳೆಯ ಬಳಚನ್ನು ಮರಳಿ ನೀರಿಗೆ ಬಿಡುವುದಕ್ಕೆ ಕರಾವಳಿಯಲ್ಲಿ ಬೇರೆಯೇ ಮಾತಿದ್ದರೆ ದಯವಿಟ್ಟು ತಿಳಿಸಿ. ಪುಟವನ್ನು ಇನ್ನೂ ಅಚ್ಚಿಗೆ ಕೊಟ್ಟಿಲ್ಲ.