ಸಹಾಯ ಬೇಕು: ಸ್ಫೋಟಿಸುವ ಪಲ್ಸಾರ್‌ನ ಮಿಡಿತ ಅಳಿಸಿ ಹೋಗುತ್ತಿದೆ

ನಮಸ್ಕಾರ, ತುಮಕೂರಿನಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಜಿಆರ್‌ಒ ಜೆ1744-28 ತಗೊಂಡಿದ್ದೇನೆ, ಅದೇ 1995ರ ಡಿಸೆಂಬರ್‌ನಲ್ಲಿ ಸಿಕ್ಕ 'ಬರ್ಸ್ಟಿಂಗ್ ಪಲ್ಸಾರ್' (ತಿರುಗುತ್ತಾ ಎಕ್ಸ್‌ರೇ ಮಿಡಿತ ಕೊಡುವ, ನಡುನಡುವೆ ಸ್ಫೋಟಿಸುವ ನ್ಯೂಟ್ರಾನ್ ನಕ್ಷತ್ರ). ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಡೇಟಾ ಬಳಸಬೇಕು ಅಂತ ಆಸೆ ಇತ್ತು, ಆದರೆ ಅದು ಹಾರಿದ್ದೇ 2015ರಲ್ಲಿ, ಈ ಪಲ್ಸಾರ್ ತುಂಬ ಪ್ರಖರವಾಗಿದ್ದ 2014ರ ಆರ್ಭಟ ಅಷ್ಟರಲ್ಲಿ ಮುಗಿದಿತ್ತು. ಹಾಗಾಗಿ ಆರ್‌ಎಕ್ಸ್‌ಟಿಇಯ (ನಾಸಾದ ಎಕ್ಸ್‌ರೇ ಉಪಗ್ರಹ) 1996ರ ಡೇಟಾ ಇಳಿಸಿದೆ, ಮಧ್ಯೆ ಎರಡು ಸಲ ಕರೆಂಟ್ ಹೋಯ್ತು, ಅದು ಬಿಡಿ.

ಸಮಸ್ಯೆ ಇದು. ಉಪಗ್ರಹದ ಒಂದು ಸುತ್ತಿನ ಡೇಟಾವನ್ನು 0.467 ಸೆಕೆಂಡಿಗೆ (ಒಂದು ಮಿಡಿತದ ಅವಧಿ) ಮಡಚಿದರೆ, ಅಂದರೆ ಅಷ್ಟಷ್ಟೇ ತುಂಡು ಮಾಡಿ ಒಂದರ ಮೇಲೊಂದು ಕೂಡಿಸಿದರೆ, ಮಿಡಿತ ಗುಡ್ಡದ ಹಾಗೆ ಎದ್ದು ಕಾಣುತ್ತದೆ. ಮೂರು ದಿನದ್ದು ಸೇರಿಸಿದರೆ ತಟ್ಟೆ ಇಡ್ಲಿ ಥರ ಚಪ್ಪಟೆ! ಭೂಮಿಯ ಚಲನೆಯ ಪರಿಣಾಮ ಹೋಗಲಿ ಅಂತ ಸೌರಮಂಡಲದ ಕೇಂದ್ರಕ್ಕೆ ಸಮಯ ತಿದ್ದಿದ್ದೇನೆ. ಪಲ್ಸಾರ್ ತನ್ನ ಜೋಡಿ ನಕ್ಷತ್ರದ ಜೊತೆ ಸುತ್ತುವ 11.8 ದಿನದ ಸುತ್ತಾಟಕ್ಕೆ ತಿದ್ದಿಲ್ಲ, ತಪ್ಪು ಅಲ್ಲೇ ಇರಬೇಕು ಅಲ್ವಾ? ಈ ಸುತ್ತಾಟದಿಂದ ಸಂಕೇತ ಸುಮಾರು 2.6 ಸೆಕೆಂಡಿನವರೆಗೆ ಹಿಂದೆಮುಂದೆ ಆಗುತ್ತದೆ, ಅಂದರೆ ಐದು ಮಿಡಿತಕ್ಕಿಂತ ಜಾಸ್ತಿ.

ಇದನ್ನು ಪೈಥಾನ್‌ನಲ್ಲಿ ತಿದ್ದಿದವರು ಇದ್ದೀರಾ? ಇನ್ನೊಂದು, 20 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಮೇಲಿನ ಗಟ್ಟಿ ಎಕ್ಸ್‌ರೇನಲ್ಲಿ ಫೋಟಾನ್ ಕಮ್ಮಿ. ಸುಮಾರು ಹತ್ತು ಸೆಕೆಂಡಿನ ಸ್ಫೋಟಗಳನ್ನೂ, ಅದರ ಹಿಂದೆಯೇ ಬೆಳಕು ತಗ್ಗುವ ಕೆಲ ನಿಮಿಷಗಳನ್ನೂ ಕತ್ತರಿಸಿಬಿಟ್ಟರೆ ಉಳಿಯೋದೇನು? ಡೆಡ್ ಟೈಮ್ (ಒಂದು ಫೋಟಾನ್ ಎಣಿಸಿದ ಮೇಲೆ ಉಪಕರಣ ಕ್ಷಣಕಾಲ ಕುರುಡಾಗೋದು) ಬಗ್ಗೆಯೂ ಗೊತ್ತಿದ್ದವರು ಹೇಳಿ. ಸುಮ್ನೆ ಲಿಂಕ್ ಕೊಡೋದಕ್ಕಿಂತ ಹತ್ತು ನಿಮಿಷ ಮಾತಾಡಿದರೆ ಸಾಕು.