ಮಂಗನ ಕಾಯಿಲೆ: ದರಗು ತರಲು ಹೋಗುವ ಅಪ್ಪಯ್ಯನಿಗೆ ಏನು ಹೇಳಲಿ?

ಸಾಗರದ ಮಗಳು: ನಾನು ಬೆಂಗಳೂರಲ್ಲಿದ್ದೇನೆ. ಊರಲ್ಲಿ ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಮುಸಿಯ (ಕಪ್ಪು ಮುಖದ ಮಂಗ) ಸತ್ತು ಬಿದ್ದಿದೆಯಂತೆ. ಅಪ್ಪಯ್ಯ ಕೊಟ್ಟಿಗೆಗೆ ಹಾಸುವ ದರಗು (ಒಣಗಿದ ಎಲೆ) ತರಲು ಅಲ್ಲಿಗೇ ಹೋಗುತ್ತಾರೆ. ಲಸಿಕೆ ಸಿಗುತ್ತದಾ? ದಿನಾ ಕಷಾಯ ಕುಡಿದರೆ ತಡೆಯುತ್ತದಾ?

ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ: ತಂಗೀ, ಮೊದಲು ಮುಸಿಯ ಬಿದ್ದ ವಿಷಯ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ತಿಳಿಸಲು ಹೇಳು. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಸುತ್ತಲೂ ಉದುರಿರುತ್ತವೆ. ಅವು ಕಚ್ಚಿದರೆ ಈ ಕಾಯಿಲೆ ಬರುತ್ತದೆ, ಆ ಜಾಗವೇ ಹೆಚ್ಚು ಅಪಾಯ. ಸಿಬ್ಬಂದಿ ಬಂದು ಸುತ್ತ 50 ಮೀಟರ್ ಔಷಧಿ ಹೊಡೆಯುತ್ತಾರೆ. ಅಪ್ಪಯ್ಯ ಆ ಕಡೆ ಕಾಲಿಡುವುದೇ ಬೇಡ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ ಇದು. ಇವತ್ತಿಗೂ ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ನಿಲ್ಲಿಸಿದ್ದಾರೆ, ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ ಹೊಸ ಲಸಿಕೆ ಇನ್ನೂ ಪ್ರಯೋಗದಲ್ಲಿದೆ. ಕಷಾಯ ಕುಡಿಯಲಿ, ಬೇಡ ಅನ್ನುವುದಿಲ್ಲ. ಆದರೆ ಉಣುಗು ಕಚ್ಚುವುದನ್ನು ಅದು ತಡೆಯುವುದಿಲ್ಲ.

ಡಿಸೆಂಬರ್‌ನಿಂದ ಮೇವರೆಗೆ ಎಚ್ಚರ ಬೇಕು. ಆಗ ಮರಿ ಉಣುಗು ಹೆಚ್ಚು, ಎಳ್ಳಿಗಿಂತ ಸಣ್ಣವು, ಹತ್ತಿದ್ದೇ ಗೊತ್ತಾಗುವುದಿಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಬೆಟ್ಟ ಹತ್ತಬೇಕು. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಅಪ್ಪಯ್ಯ ಬಚ್ಚಲಿಗೆ. ಈ ವರ್ಷ ಆ ಬೆಟ್ಟದ ದರಗು ಬಿಟ್ಟು ಕೊಟ್ಟಿಗೆಗೆ ಹುಲ್ಲು ಹಾಸಿದರೂ ನಡೆಯುತ್ತದೆ.

ಅಡಿಕೆ ಬೆಳೆಗಾರ: ಅಕ್ಕ ಹೇಳಿದ್ದು ಸರಿ. ನನ್ನ ತಮ್ಮನಿಗೆ ಬಂದಿತ್ತು. ಒಮ್ಮೆಲೇ ಜ್ವರ, ಹಣೆ ಸಿಡಿಯುವಷ್ಟು ನೋವು, ಸೊಂಟ ಎತ್ತಲಾಗುತ್ತಿರಲಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹಾಗಾಗಿ ಹತ್ತಿರವೇ ಇದ್ದು ನೋಡಿಕೊಂಡೆವು.

ಸಾಗರದ ಮಗಳು: ಜ್ವರ ಬಂದರೆ ಮನೆಯಲ್ಲಿ ಏನು ಮಾಡಬೇಕು ಅಕ್ಕಾ?

ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ: ಕಾಯಬೇಡಿ, ಅವತ್ತೇ ರಕ್ತಪರೀಕ್ಷೆ ಮಾಡಿಸಿ. ಬೆಟ್ಟಕ್ಕೆ ಹೋಗಿದ್ದು, ಮಂಗ ಸತ್ತಿದ್ದು ಎರಡನ್ನೂ ಡಾಕ್ಟರಿಗೆ ಹೇಳಬೇಕು. ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತರಬೇಡಿ, ಆಸ್ಪಿರಿನ್‌ನಂಥವು ರಕ್ತಸ್ರಾವ ಹೆಚ್ಚಿಸುತ್ತವೆ. ಗಂಜಿ, ಎಳನೀರು, ಬೇಳೆಕಟ್ಟು ಸ್ವಲ್ಪಸ್ವಲ್ಪವೇ ಕೊಡುತ್ತಿರಿ. ಒಸಡು, ಮೂಗಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಬಂದು ತಲೆನೋವು, ನಡುಕ ಶುರುವಾಗುತ್ತದೆ. ಅಲ್ಲಿಯವರೆಗೂ ಅಪ್ಪಯ್ಯನನ್ನು ತೋಟದ ಕೆಲಸಕ್ಕೆ ಬಿಡಬೇಡ.